ತಿದ್ದುವ ಮೊದಲು ‘ನಿಮ್ಮನೇಲಿ ಏನಂತಾರೆ?’ ಅಂತ ಕೇಳಿ: ಮುಂಬಯಿಯ ಕನ್ನಡ ತರಗತಿಗೊಂದು ಮಾರ್ಗದರ್ಶಿ

ಒಂದನೇ ತರಗತಿ ಶುರುವಾಗಿ ನಾಲ್ಕನೇ ದಿನ. ಹೊರಗೆ ಜೂನ್ ತಿಂಗಳ ಮಳೆ. ಕಪ್ಪುಹಲಗೆಗೆ ಕುಟುಂಬದ ಚಿತ್ರಪಟ ತೂಗುಹಾಕಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೇಳುತ್ತಿದ್ದೆ. ಎರಡು ಜಡೆಯ ಒಬ್ಬ ಹುಡುಗಿ ಬಂದಳು. ಸೀರೆ ಉಟ್ಟ ಹೆಂಗಸಿನ ಮೇಲೆ ಕೋಲು ಇಟ್ಟು “ಇವರು ಯಾರು?” ಅಂದೆ. “ಅಪ್ಪೆ” ಅಂದಳು. “ಅಪ್ಪ ಅಲ್ಲಮ್ಮ, ಸರಿಯಾಗಿ ನೋಡು” ಅಂದು ಕೋಲನ್ನು ಮೀಸೆಯ ಗಂಡಸಿನ ಕಡೆ ಸರಿಸಿದೆ. “ಅಮ್ಮೆ” ಅಂದಳು. ಇಡೀ ತರಗತಿ ನಕ್ಕಿತು. ನಾನೂ ಮುಗುಳ್ನಕ್ಕೆ, “ಅಪ್ಪ ಯಾರು, ಅಮ್ಮ ಯಾರು ಅನ್ನೋದೇ ಗೊತ್ತಿಲ್ವಾ?” ಅಂತ ಕೇಳಿದೆ. ಹುಡುಗಿ ಕೋಲನ್ನೇ ನೋಡುತ್ತ ನಿಂತಳು. ಆಮೇಲೆ ಹದಿನೈದು ದಿನ ಬಾಯಿ ಬಿಡಲಿಲ್ಲ.

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ತುಳುವಿನಲ್ಲಿ ‘ಅಪ್ಪೆ’ ಅಂದರೆ ತಾಯಿ, ‘ಅಮ್ಮೆ’ ಅಂದರೆ ತಂದೆ. ಧಾರವಾಡ ಕಡೆಯಿಂದ ಬಂದ ನನಗೆ ತುಳು ಬರುತ್ತಿರಲಿಲ್ಲ. ಒಂದು ಸಂಜೆ ಅವಳನ್ನು ಕರೆದೊಯ್ಯಲು ಬಂದ ಅಜ್ಜಿ “ಅಪ್ಪೆ ಇಲ್ಲಡ್ ಉಲ್ಲೆರ್” ಅಂದಾಗಲೇ ನನಗೆ ತಿಳಿದದ್ದು. ತಾಯಿ ಮನೆಯಲ್ಲಿದ್ದಾರೆ ಅಂತ ಆ ಮಾತಿನ ಅರ್ಥ. ನಮ್ಮ ಕಿವಿಗೆ ‘ಇಲ್ಲ’ ಅಂತ ಕೇಳುವುದು ತುಳುವಿನಲ್ಲಿ ‘ಇಲ್ಲ್’, ಅಂದರೆ ಮನೆ.

ಕನ್ನಡ ಮಾಧ್ಯಮ ಅಂದಕೂಡಲೇ ಮಕ್ಕಳೆಲ್ಲ ಒಂದೇ ಮನೆಯಿಂದ ಬಂದವರು ಅಂತ ನಾವು ಅಂದುಕೊಂಡುಬಿಡುತ್ತೇವೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆ ಒಂದು ಮಾಧ್ಯಮದ ಒಂದು ಕೋಣೆಯೊಳಗೆ ಉಡುಪಿ ಕಡೆಯ ಹೋಟೆಲ್ ಕಾರ್ಮಿಕರ ತುಳು ಮಕ್ಕಳಿರುತ್ತಾರೆ, ಕಲಬುರಗಿ ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿರುತ್ತಾರೆ. ಮನೆಯಲ್ಲಿ ಲಂಬಾಣಿ ಆಡುವವರು, ದಖ್ಖನಿ ಉರ್ದು ಆಡುವವರು, ಕೊಂಕಣಿ ಆಡುವವರು, ಇಲ್ಲೇ ಹುಟ್ಟಿ ಗಲ್ಲಿಯಲ್ಲಿ ಮರಾಠಿ ಹಿಂದಿ ಬೆರೆಸಿ ಮಾತಾಡುವವರು, ಎಲ್ಲರೂ ಇರುತ್ತಾರೆ. ಇಂಥ ತರಗತಿಗೆ ಹೊಸದಾಗಿ ಬಂದ ಶಿಕ್ಷಕರಿಗೆ, ಸಂಜೆ ಪಾಠ ಹೇಳಿಕೊಡುವ ಸ್ವಯಂಸೇವಕರಿಗೆ ಈ ಬರಹ. ನಾನು ಮಾಡಿ ನೋಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಂದು ‘ಮನೆ ವಹಿ’ ಇಡಿ

ಇನ್ನೂರು ಪುಟದ ಒಂದು ವಹಿ ತಗೊಳ್ಳಿ, ಒಂದು ಮಗುವಿಗೆ ಎರಡು ಪುಟ ಬಿಡಿ. ಶಾಲೆಯ ದಾಖಲೆ ಪುಸ್ತಕ ಬೇರೆ, ಇದು ಬೇರೆ. ದಾಖಲೆಯಲ್ಲಿ ‘ಮಾತೃಭಾಷೆ’ ಕಾಲಂ ಕೆಳಗೆ ಎಲ್ಲರದ್ದೂ ಕನ್ನಡ ಅಂತಲೇ ಇರುತ್ತದೆ. ಕನ್ನಡ ಶಾಲೆಗೆ ಸೇರಿಸುವಾಗ ತಂದೆತಾಯಿ ಹಾಗೇ ಬರೆಸುತ್ತಾರೆ, ಬರೆದುಕೊಳ್ಳುವವರೂ ಕೇಳಲು ಹೋಗುವುದಿಲ್ಲ. ಜನಗಣತಿಯಲ್ಲೂ ಇಂಥದ್ದೇ ಆಗುತ್ತದೆ: ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತಾರೆ. ಆದರೆ ತಾಂಡಾದಿಂದ ಬಂದ ಮಗು ನಮ್ಮ ಮುಂದೆ ಕೂತಾಗ ಅದರ ಮನೆಮಾತು ಹಿಂದಿಯೂ ಅಲ್ಲ, ಕನ್ನಡವೂ ಅಲ್ಲ.

ಅದಕ್ಕೆ “ಮಾತೃಭಾಷೆ ಯಾವುದು?” ಅಂತ ಒಂದೇ ಪ್ರಶ್ನೆ ಕೇಳಬೇಡಿ, ಅದಕ್ಕೆ ಒಂದೇ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಅಜ್ಜಿ ಹತ್ರ ಯಾವ ಮಾತು? ಅಣ್ಣ ತಮ್ಮ ಜಗಳ ಆಡುವಾಗ ಯಾವುದು? ಗಲ್ಲಿಯಲ್ಲಿ ಕ್ರಿಕೆಟ್ ಆಡುವಾಗ? ಅಂಗಡಿಗೆ ಹೋದರೆ? ನನ್ನ ಒಬ್ಬ ವಿದ್ಯಾರ್ಥಿ ತಾಯಿಯ ಜೊತೆ ಲಂಬಾಣಿ, ತಂದೆಯ ಮುಕಾದಮನ (ಮೇಸ್ತ್ರಿಯ) ಜೊತೆ ಹಿಂದಿ, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುತ್ತಿದ್ದ. ಏಳು ವರ್ಷದ ಹುಡುಗ. ಅವನನ್ನು ನಾವು ‘ಭಾಷೆಯಲ್ಲಿ ಹಿಂದುಳಿದವ’ರ ಪಟ್ಟಿಗೆ ಹಾಕಿದ್ದೆವು.

ವಹಿಯಲ್ಲಿ ಇನ್ನೂ ಏನೇನು ಬೇಕು? ಮನೆಯಲ್ಲಿ ಯಾರಿದ್ದಾರೆ, ಮಗು ಅವರನ್ನು ಏನಂತ ಕರೆಯುತ್ತದೆ. ಬೆಳಿಗ್ಗೆ ಎಬ್ಬಿಸಿ ಕಳಿಸುವವರು ಯಾರು, ಸಂಜೆ ಊಟ ಹಾಕುವವರು ಯಾರು. ಊರು ಯಾವುದು, ವರ್ಷಕ್ಕೆ ಎಷ್ಟು ಸಲ ಹೋಗುತ್ತಾರೆ, ಯಾವಾಗ. ಮನೆಯವರ ಕೈಯಲ್ಲಿ ಯಾವ ಕೆಲಸವಿದೆ. ಇಷ್ಟು ಸಾಕು. ಜಾತಿ ಬೇಡ, ಆದಾಯ ಬೇಡ, ಬಾಡಿಗೆ ಎಷ್ಟು ಅಂತ ಬೇಡ. ಮೊದಲ ವಾರದಲ್ಲೇ ಎಲ್ಲ ತುಂಬಿಸಲು ಹೋಗಬೇಡಿ. ದಿನಕ್ಕೆ ಒಂದೆರಡು ಸಾಲು, ಮಗು ತಾನಾಗಿ ಹೇಳಿದಾಗ ಬರೆದುಕೊಂಡರೆ ದೀಪಾವಳಿ ರಜೆ ಹೊತ್ತಿಗೆ ವಹಿ ತುಂಬಿರುತ್ತದೆ.

ಹೆಸರನ್ನು ಮನೆಯವರ ಬಾಯಿಂದ ಕಲಿಯಿರಿ

ಇದು ಚಿಕ್ಕ ಸಂಗತಿ ಅನ್ನಿಸಬಹುದು, ಅಲ್ಲ. ಇಲ್ಲಿ ಮಗುವಿನ ಹೆಸರು ಆಸ್ಪತ್ರೆಯಲ್ಲಿ ದೇವನಾಗರಿಯಲ್ಲಿ ಬರೆಸಿ, ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡ ಹಾಜರಿ ಪುಸ್ತಕಕ್ಕೆ ವಾಪಸ್ ಬರುತ್ತದೆ. ಮರಾಠಿಯಲ್ಲಿ ಎ–ಏ, ಒ–ಓ ಅಂತ ಹ್ರಸ್ವ ದೀರ್ಘದ ಭೇದವಿಲ್ಲ. ಹೊನ್ನಪ್ಪ ಹೋಗಿ ಹೋನ್ನಪ್ಪಾ ಆಗುತ್ತಾನೆ, ಕೆಂಚವ್ವ ಹೋಗಿ ಕೇಂಚವ್ವಾ. ಮೊದಲ ದಿನ ಹಾಜರಿ ಕರೆಯುವ ಬದಲು “ಮನೇಲಿ ನಿನ್ನ ಹೇಗೆ ಕೂಗ್ತಾರೆ, ಕೂಗಿ ತೋರಿಸು” ಅನ್ನಿ. ಮಕ್ಕಳು ಅವ್ವನ ದನಿಯಲ್ಲೇ ಕೂಗಿ ತೋರಿಸುತ್ತವೆ. ಆ ಹೊತ್ತಿನಲ್ಲಿ ತರಗತಿಯ ಹೆದರಿಕೆ ಅರ್ಧ ಇಳಿಯುತ್ತದೆ.

ತಂದೆಯ ಹೆಸರಿನ ವಿಚಾರದಲ್ಲಿ ಎಚ್ಚರ ಬೇಕು. ಮಹಾರಾಷ್ಟ್ರದ ರೂಢಿ ಮಗುವಿನ ಹೆಸರು, ತಂದೆ ಹೆಸರು, ಅಡ್ಡಹೆಸರು. ಕರಾವಳಿಯ ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ ಅಳಿಯಸಂತಾನದ ಪರಂಪರೆ, ‘ಬರಿ’, ಅಂದರೆ ಕುಲದ ಹೆಸರು, ಬರುವುದು ತಾಯಿಯ ಕಡೆಯಿಂದ. ಅಲ್ಲಿ ಸೋದರಮಾವನೇ ಮಗುವಿನ ಹಿರಿಯ, ಪೋಷಕರ ಸಭೆಗೆ ಅವನೇ ಬಂದರೆ “ಅಪ್ಪ ಯಾಕೆ ಬರಲಿಲ್ಲ?” ಅನ್ನಬೇಡಿ. ಇನ್ನು ಕೆಲವು ಮಕ್ಕಳಿಗೆ ತಾಯಿ ಮಾತ್ರ ಇರುತ್ತಾಳೆ. ಕಾರಣ ನಮಗೆ ಬೇಕಾಗಿಲ್ಲ. ತರಗತಿಯ ಎದುರು “ತಂದೆ ಹೆಸರು ಹೇಳು” ಅಂತ ಕೂಗುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಆ ಕಾಲಂ ಇದ್ದರೆ ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ತುಂಬಿಸುತ್ತೇನೆ. 2024ರ ಮೇ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ಹೆಸರಿನ ಜೊತೆ ತಾಯಿಯ ಹೆಸರನ್ನೂ ಬರೆಸಬೇಕು ಅಂತ ಮಹಾರಾಷ್ಟ್ರ ಸರ್ಕಾರ ನಿಯಮ ಮಾಡಿದೆ. ಆ ಮಕ್ಕಳು ಒಂದನೇ ತರಗತಿಗೆ ಬರುವ ತನಕ ನಾವು ಕಾಯಬೇಕಾಗಿಲ್ಲ, ನಮ್ಮ ಮನೆ ವಹಿಯಲ್ಲಿ ಇವತ್ತೇ ತಾಯಿಯ ಹೆಸರು ಮೊದಲು ಬರೆಯಬಹುದು.

ಮನೆಗೆ ಹೋಗಿ, ತಪಾಸಣೆಗೆ ಅಲ್ಲ

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮನೆ ಭೇಟಿಯೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊತ್ತು ನೋಡಿ ಹೋಗಿ. ನಾಕಾದಲ್ಲಿ (ಕೂಲಿಯವರು ಸೇರುವ ಚೌಕದಲ್ಲಿ) ನಿಂತು ಕೂಲಿ ಹಿಡಿಯುವವರು ಬೆಳಿಗ್ಗೆ ಬೇಗ ಮನೆ ಬಿಡುತ್ತಾರೆ, ಕೆಲಸ ಸಿಗದ ದಿನ ಹತ್ತು ಹನ್ನೊಂದಕ್ಕೆ ವಾಪಸ್ ಬಂದಿರುತ್ತಾರೆ. ಆ ದಿನ ಮಾತ್ರ ಹೋಗಬೇಡಿ. ಕೂಲಿ ಇಲ್ಲದ ದಿನ ಮನೆಗೆ ಮಾಸ್ತರರು ಬಂದರೆ ಅವರಿಗೆ ಆಗುವ ಸಂಕಟ ನಾನು ನೋಡಿದ್ದೇನೆ. ಹೋಟೆಲಿನವರಿಗೆ ಭಾನುವಾರ ಗಿರಾಕಿ ಜಾಸ್ತಿ, ಅವರ ವಾರದ ರಜೆ ಬೇರೆ ದಿನ ಇರುತ್ತದೆ, ಕೇಳಿ ಹೋಗಿ. ಮುಂಚೆಯೇ ಹೇಳಿ ಕಳಿಸಿ. ಹೋದಾಗ ಕೈಯಲ್ಲಿ ಪೆನ್ನು ವಹಿ ಬೇಡ. ಕೂಡು ಅಂದ ಕಡೆ ಕೂಡಿ, ಚಹಾ ಕೊಟ್ಟರೆ ಕುಡಿಯಿರಿ. “ಇಲ್ಲ ಇಲ್ಲ, ಬೇಡ” ಅಂದರೆ ನಿಮ್ಮದು ಸೌಜನ್ಯ, ಆದರೆ ಆ ಮನೆಯವರು ಅದನ್ನು ಬೇರೆ ರೀತಿ ಓದುತ್ತಾರೆ. ಯಾವ ಮನೆಯಲ್ಲಿ ಯಾರು ನೀರು ಮುಟ್ಟುತ್ತಾರೆ, ಯಾರು ಮುಟ್ಟುವುದಿಲ್ಲ ಅನ್ನುವ ಲೆಕ್ಕವನ್ನು ನಮ್ಮ ಜನ ತಲೆಮಾರುಗಳಿಂದ ಅನುಭವಿಸಿದ್ದಾರೆ. ಒಂದು ಬಸಿ ಚಹಾ ಕುಡಿದದ್ದಕ್ಕೇ ಒಬ್ಬ ತಾಯಿ ಮುಂದಿನ ಎಲ್ಲ ಸಭೆಗೂ ತಪ್ಪದೆ ಬಂದಳು.

ಮಗುವಿನ ಬಗ್ಗೆ ದೂರು ಹೇಳಲು ಈ ಭೇಟಿ ಬಳಸಬೇಡಿ. ಒಂದೇ ಒಂದು ಒಳ್ಳೆಯ ಮಾತು ಹೇಳಿ, ಉಳಿದ ಹೊತ್ತು ಕೇಳಿ. ಏನು ಕೇಳಬೇಕು? ಈ ಮನೆಯವರಿಗೆ ಏನು ಗೊತ್ತು ಅನ್ನುವುದನ್ನು. ಅಮೆರಿಕದ ಅರಿಝೋನಾದ ಟುಸಾನ್ ಊರಿನಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಅವರ ಜೊತೆಗಾರರು ಇದನ್ನೇ ಮಾಡಿದ್ದರು. ಮೆಕ್ಸಿಕೋ ಮೂಲದ ಕಾರ್ಮಿಕ ಕುಟುಂಬಗಳ ಮನೆಗೆ ಶಿಕ್ಷಕರು ಕಲಿಯುವವರಾಗಿ ಹೋದರು. ಬೇಸಾಯ, ಕಟ್ಟಡ, ವ್ಯಾಪಾರ, ಮನೆಮದ್ದು, ಹೀಗೆ ಆ ಮನೆಗಳಲ್ಲಿ ಇದ್ದ ತಿಳಿವಳಿಕೆಯನ್ನು ಪಾಠಕ್ಕೆ ತಂದರು. 1992ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದ ಮೇಲೆ ಜಗತ್ತಿನ ಬೇರೆ ಬೇರೆ ಕಡೆ ಶಿಕ್ಷಕರು ಆ ದಾರಿ ಹಿಡಿದರು. ಬಡವರ ಮನೆಯಲ್ಲಿ ‘ಏನೂ ಇಲ್ಲ’ ಅನ್ನುವ ನಂಬಿಕೆಗೆ ಅದು ಕೊಟ್ಟ ಪೆಟ್ಟು ದೊಡ್ಡದು.

ನನ್ನ ಅನುಭವದ ಒಂದು ಮನೆ ಹೇಳುತ್ತೇನೆ. ಮೂರನೇ ತರಗತಿಯ ಹುಡುಗ, ಭಾಗಾಕಾರ ಅಂದರೆ ಪೆನ್ಸಿಲ್ ಕಚ್ಚುತ್ತ ಕೂರುವವನು. ತಂದೆ ಗೌಂಡಿ, ಅಂದರೆ ಗೋಡೆ ಕಟ್ಟುವವನು; ತಾಯಿ ಬಿಗಾರಿ, ಅಂದರೆ ಮಾಲು ಹೊರುವವಳು. ಮಾತಿನ ನಡುವೆ ತಾಯಿ ಅಂದಳು, “ಸುಟ್ಟಿ ದಿನ ಇವನೂ ಸೈಟಿಗೆ ಬರ್ತಾನ್ರಿ, ಮಾಲ್ ಎಷ್ಟು ಕಲಸಬೇಕು ಅಂತ ಇವನೇ ಹೇಳ್ತಾನ.” ನಾನು ಹುಡುಗನ ಕಡೆ ತಿರುಗಿ ಕೇಳಿದೆ. “ಇಟ್ಟಂಗಿ ಕಟ್ಟಾಕ ಒಂದಕ್ಕ ಆರು, ಗಿಲಾವ್ ಮಾಡಾಕ ಒಂದಕ್ಕ ನಾಕು” ಅಂದ. ಒಂದು ಘಮೇಲಾ (ಬಾಂಡ್ಲಿ) ಸಿಮೆಂಟಿಗೆ ಆರು ಘಮೇಲಾ ಉಸುಕು, ಗಿಲಾವಾದರೆ (ಗೋಡೆಗೆ ಗಾರೆ ಬಳಿಯುವುದಾದರೆ) ನಾಲ್ಕು. ಹದಿನೆಂಟು ಘಮೇಲಾ ಉಸುಕು ಇದ್ದರೆ ಇಟ್ಟಂಗಿ ಕೆಲಸಕ್ಕೆ ಎಷ್ಟು ಸಿಮೆಂಟ್? “ಮೂರು” ಅಂತ ತಡವಿಲ್ಲದೆ ಹೇಳಿದ. ಪಾಟಿಯ ಮೇಲೆ 18 ÷ 6 ಬರೆದಾಗ ಅದೇ ಹುಡುಗ ಅಳುತ್ತಿದ್ದ.

ಮರುದಿನ ತರಗತಿಗೆ ಒಂದು ಡಬ್ಬಿ ಉಸುಕು, ಸುಣ್ಣದಕಡ್ಡಿ ಪುಡಿ, ಬಾಟಲಿ ಮುಚ್ಚಳಗಳನ್ನು ತಂದೆ. ಮುಚ್ಚಳವೇ ಘಮೇಲಾ. ಆ ಹುಡುಗನ ಹೆಸರು ಹೇಳಿ ‘ಇವರ ಅಪ್ಪ ಗೌಂಡಿ’ ಅಂತ ನಾನು ಪರಿಚಯಿಸಲಿಲ್ಲ, ಅದು ಬಹಳ ಮುಖ್ಯ. “ಗೋಡೆ ಕಟ್ಟೋದು ಯಾರಿಗೆ ಗೊತ್ತು?” ಅಂತ ಕೇಳಿದೆ. ಐದು ಕೈ ಎದ್ದವು, ಅದರಲ್ಲಿ ಅವನದೂ ಒಂದು. ಆ ಐವರು ಉಳಿದವರಿಗೆ ಕಲಿಸಿದರು. ಉಳಿಯುವ ಶೇಷ ಅಂದರೇನು ಅಂತ ನಾನು ಎಷ್ಟೋ ಸಲ ಹೇಳಿದ್ದೆ. “ಇಪ್ಪತ್ತು ಘಮೇಲಾ ಉಸುಕು ಇದ್ರ ಎರಡು ಮಿಕ್ತದ, ಅದು ನಾಳಿಗೆ” ಅಂತ ಅವನು ಹೇಳಿದ ಮೇಲೆ ತರಗತಿಗೆ ಅರ್ಥವಾಯಿತು.

ಹಾಗಂತ ಮಗುವನ್ನು ಸೈಟಿಗೆ ಕಳಿಸುವುದು ಸರಿ ಅಂತ ನಾನು ಹೇಳುತ್ತಿಲ್ಲ. ಆ ತಾಯಿಗೂ ಅದು ಬೇಕಾಗಿರಲಿಲ್ಲ, ಸುಟ್ಟಿಯ ದಿನ ಹುಡುಗನನ್ನು ಒಬ್ಬನೇ ಬಿಡಲು ಜಾಗವಿರಲಿಲ್ಲ. ಹತ್ತಿರದಲ್ಲಿ ಸಂಜೆ ಮತ್ತು ರಜೆ ದಿನ ಮಕ್ಕಳನ್ನು ಕೂರಿಸಿಕೊಳ್ಳುವ ಕೇಂದ್ರ ಹುಡುಕಿಕೊಟ್ಟೆವು. ಮನೆಗೆ ಹೋಗದಿದ್ದರೆ ಎರಡೂ ತಿಳಿಯುತ್ತಿರಲಿಲ್ಲ.

ಮನೆಮಾತು, ಪುಸ್ತಕದ ಮಾತು

ಕಪ್ಪುಹಲಗೆಯ ಒಂದು ಪಕ್ಕ ಗೆರೆ ಎಳೆದು ಎರಡು ಮನೆ ಮಾಡಿ. ಒಂದರ ಮೇಲೆ ‘ಮನೆಮಾತು’, ಇನ್ನೊಂದರ ಮೇಲೆ ‘ಪುಸ್ತಕದ ಮಾತು’. ‘ತಪ್ಪು’, ‘ಸರಿ’ ಅಂತ ಬರೆಯಬೇಡಿ. “ಮನಿಗಿ ಹೋಗ್ಲಕತ್ತೀನಿ” ಅಂತ ಕಲಬುರಗಿಯ ಹುಡುಗಿ ಅಂದರೆ ಅದು ಮೊದಲ ಮನೆಗೆ, “ಮನೆಗೆ ಹೋಗುತ್ತಿದ್ದೇನೆ” ಎರಡನೆಯದಕ್ಕೆ. ಎರಡೂ ಓದಿಸಿ. ನೀರು ಅನ್ನುವ ಪದ ಬಂತೇ? ಮೊದಲ ಮನೆಯಲ್ಲಿ ತುಳುವಿನ ನೀರ್, ಕೊಂಕಣಿಯ ಉದ್ದಾಕ, ಲಂಬಾಣಿಯ ಪಾಣಿ ಎಲ್ಲ ಸೇರಲಿ. ಲಂಬಾಣಿ ಹುಡುಗ ಎದ್ದು “ಮರಾಠಿಯಲ್ಲೂ ಪಾಣೀನೇ” ಅನ್ನುತ್ತಾನೆ. ಆ ದಿನ ಅವನೇ ತರಗತಿಯ ಪಂಡಿತ.

‘ಆಯಿ’ ಅನ್ನುವ ಪದದಲ್ಲಿ ನಾನು ಎಡವಿದ್ದೂ ಹೇಳಬೇಕು. ನಾಲ್ಕನೇ ತರಗತಿಯ ಮಗು “ನಮ್ಮ ಆಯಿ ಊರಾಗ ಸತ್ತಳು” ಅಂತ ನಿಬಂಧದಲ್ಲಿ ಬರೆದಿತ್ತು. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದ ಕಿವಿಗೆ ಆಯಿ ಅಂದರೆ ಮರಾಠಿಯ ತಾಯಿ. ಗಾಬರಿಯಾಗಿ ಸಹೋದ್ಯೋಗಿಗಳಿಗೆಲ್ಲ ಹೇಳಿದೆ, ಮಗುವಿಗೆ ತಾಯಿಯಿಲ್ಲ ಅಂತ. ಮರುದಿನ ತಾಯಿಯೇ ಡಬ್ಬಿ ಹಿಡಿದು ಬಂದಳು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆಯಿ ಅಂದರೆ ಅಜ್ಜಿ. ನಾನೇ ಚಿಕ್ಕವನಿದ್ದಾಗ ನಮ್ಮ ಅಜ್ಜಿಯನ್ನು ಆಯಿ ಅನ್ನುತ್ತಿದ್ದೆ, ಮರೆತೇ ಹೋಗಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಮಾತಿಗೆ ಗೌರವ ಕೊಡುವುದು ಅಂದರೆ ಪುಸ್ತಕದ ಮಾತು ಕಲಿಸದೆ ಬಿಡುವುದಲ್ಲ. “ಪಾಪ, ಅವರ ಭಾಷೆ ಹಾಗೆ” ಅಂತ ಬಿಟ್ಟರೆ ಆ ಮಗು ಐದನೇ ತರಗತಿಯಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಸರ್ಕಾರಿ ಪಠ್ಯಪುಸ್ತಕದ) ಪಾಠ ಓದಲಾರದೆ ಕೂರುತ್ತದೆ. ಎರಡನೇ ತರಗತಿ ತನಕ ಮಾತಿನಲ್ಲಿ ಮನೆಮಾತು ಎಷ್ಟಾದರೂ ಬರಲಿ, ಮೂರರಿಂದ ಬರವಣಿಗೆಯಲ್ಲಿ ಪುಸ್ತಕದ ಮಾತು ಕೇಳಿ. ನಾಲ್ಕು ಮುಗಿಯುವಾಗ ಮಗು ಎರಡನ್ನೂ ಬೇಕಾದಾಗ ಬೇಕಾದ್ದು ಆಡುವಂತಿರಬೇಕು. ಇದು ನನ್ನ ಅಳತೆ. ಮಕ್ಕಳ ಮಾತೃಭಾಷೆಯಲ್ಲಿ ಆದಷ್ಟೂ ಕಲಿಸಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಹೇಳುತ್ತದೆ, ಸಾಧ್ಯವಿದ್ದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ತುಳು ಲಂಬಾಣಿ ಮಕ್ಕಳಿಗೆ ಕನ್ನಡವೂ ಶಾಲೆಯಲ್ಲಿ ಕಲಿಯುವ ಭಾಷೆಯೇ ಅನ್ನುವುದನ್ನು ನಾವು ಕನ್ನಡದ ಶಿಕ್ಷಕರು ಮೊದಲು ಒಪ್ಪಿಕೊಳ್ಳಬೇಕು.

ಲೆಕ್ಕದಲ್ಲೂ ಭಾಷೆ ಕಾಲೆಳೆಯುತ್ತದೆ. ಕನ್ನಡದಲ್ಲಿ ಇಪ್ಪತ್ತೈದು: ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯಲ್ಲಿ ಪಂಚವೀಸ್: ಮೊದಲು ಐದು, ಆಮೇಲೆ ಇಪ್ಪತ್ತು. ಇಪ್ಪತ್ತೊಂಬತ್ತಕ್ಕೆ ಎಕೋಣತೀಸ್, ಮೂವತ್ತಕ್ಕೆ ಒಂದು ಕಡಿಮೆ. ಬಜಾರಿನಲ್ಲಿ ದಿನವೂ ಪಂಚವೀಸ್ ಕೇಳುವ ಮಗು 25ರ ಬದಲು 52 ಬರೆದರೆ ಅದನ್ನು ಅಜಾಗರೂಕತೆ ಅನ್ನಬೇಡಿ. ಮರಾಠಿ ಮಕ್ಕಳಿಗೂ ಇದೇ ಕಷ್ಟ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ ಎಕವೀಸ್ ಜೊತೆಗೆ ‘ವೀಸ್ ಏಕ್’ ಅಂತ ಓದುವ ಕ್ರಮ ತಂದಾಗ ರಾಜ್ಯದಲ್ಲೆಲ್ಲ ಚರ್ಚೆಯಾಗಿತ್ತು. ನಾನು ಮಾಡುವುದಿಷ್ಟು: ಮಗು ಯಾವ ಭಾಷೆಯಲ್ಲಿ ಎಣಿಸುತ್ತದೆ ಅಂತ ಕೇಳಿ ವಹಿಯಲ್ಲಿ ಗುರುತು ಹಾಕುತ್ತೇನೆ, ಹತ್ತರ ಕಡ್ಡಿಕಟ್ಟು ಮತ್ತು ಬಿಡಿಕಡ್ಡಿ ಕೈಗೆ ಕೊಟ್ಟು ಕಟ್ಟು ಮೊದಲು ಇಡಿಸಿ ಆಮೇಲೆ ಬರೆಸುತ್ತೇನೆ.

ಗೋಡೆಯ ಮೇಲೆ ಎರಡು ರೈಲು

ಮಕ್ಕಳ ಊರನ್ನು ತರಗತಿಗೆ ತರಲು ನಕಾಶೆಗಿಂತ ರೈಲು ಒಳ್ಳೆಯದು. ಒಂದು ಉದ್ದ ಕಾಗದದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ ದಾರಿ ಬರೆಯಿರಿ: ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣ, ಕಲ್ಯಾಣ, ಪುಣೆ, ಸೋಲಾಪುರ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು. ಇನ್ನೊಂದರ ಮೇಲೆ ಮತ್ಸ್ಯಗಂಧ: ಕುರ್ಲಾದ ಎಲ್‌ಟಿಟಿಯಿಂದ ಪನವೇಲ್, ರತ್ನಾಗಿರಿ, ಮಡಗಾಂವ್, ಕಾರವಾರ, ಕುಮಟಾ, ಉಡುಪಿ, ಮಂಗಳೂರು. ಪ್ರತಿ ಮಗು ತನ್ನ ಊರು ಯಾವ ಸ್ಟೇಷನ್ನಿನಿಂದ ಹತ್ತಿರ ಅಂತ ಹೇಳಿ ಅಲ್ಲಿ ತನ್ನ ಚೀಟಿ ಅಂಟಿಸಲಿ. ಇಲ್ಲೇ ಹುಟ್ಟಿ ಊರು ನೋಡದ ಮಕ್ಕಳು ಸಿಎಸ್‌ಎಂಟಿಯಲ್ಲೇ ಅಂಟಿಸಲಿ, ಅದೂ ಊರೇ. ಒಂದು ಚೀಟಿಯಲ್ಲಿ ‘ಯಾದಗಿರಿ ಇಳದು ಟಂಟಂದಾಗ ಹೋಗೂದು’ ಅಂತಿತ್ತು. ಭೂಗೋಲ, ಓದು, ಗಂಟೆ ನೋಡುವುದು, ಟಿಕೆಟ್ ಲೆಕ್ಕ, ಎಲ್ಲ ಈ ಎರಡು ಕಾಗದದಿಂದ ನಡೆಯುತ್ತದೆ.

ಹಬ್ಬ, ಗೈರುಹಾಜರಿ, ಡಬ್ಬಿ

ಹಬ್ಬದ ದಿನ ವೇಷ ಹಾಕಿಸಿ ಫೋಟೋ ತೆಗೆಯುವುದರಿಂದ ಸಂಸ್ಕೃತಿ ಅರ್ಥವಾಗುವುದಿಲ್ಲ, ನನ್ನ ಅಭಿಪ್ರಾಯ ಇದು. ಹಬ್ಬವನ್ನು ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿ, ಬಹಳ ತಿಳಿಯುತ್ತದೆ. ಎಳ್ಳಮಾವಾಸ್ಯೆಗೆ ಬೀದರ ಕಲಬುರಗಿ ಕಡೆಯವರು ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲಲು, ಭಜ್ಜಿ ಉಣ್ಣಲು ಊರಿಗೆ ಓಡುತ್ತಾರೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳ ಜೋಕಾಲಿ, ಉಂಡಿ. ಸಂಕ್ರಾಂತಿಗೆ ಸೋಲಾಪುರ, ವಿಜಯಪುರಗಳ ಸಿದ್ಧೇಶ್ವರ ಜಾತ್ರೆ. ಹೋಳಿ ಮುಗಿದ ಐದನೇ ದಿನಕ್ಕೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಮೊಹರಂ ಬಂದರೆ ಆ ಕಡೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಕೂಡಿಯೇ ಅಲಾಯಿ ಆಡುತ್ತಾರೆ, ‘ಇದು ಇವರ ಹಬ್ಬ, ಅದು ಅವರ ಹಬ್ಬ’ ಅಂತ ಪಾಠಪುಸ್ತಕದ ಹಾಗೆ ಹಂಚಬೇಡಿ. ಫೆಬ್ರವರಿ 15 ಲಂಬಾಣಿಗಳ ಸೇವಾಲಾಲ್ ಜಯಂತಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ತುಳು ಮನೆಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿದು ಮುಖ ಕಹಿ ಮಾಡಿಕೊಂಡು ಮಕ್ಕಳು ಬರುತ್ತವೆ.

ಈ ತಾರೀಕುಗಳನ್ನು ವರ್ಷದ ಶುರುವಿನಲ್ಲೇ ಗುರುತು ಹಾಕಿ. ಊರಿಗೆ ಹೋಗುವ ಮಗುವಿಗೆ ಬೈದು ಕಳಿಸುವ ಬದಲು ಒಂದು ಚೀಲ ಕೊಟ್ಟು ಕಳಿಸಿ: ಓದಲು ಒಂದು ಕತೆ, ಬರೆಯಲು ನಾಲ್ಕು ಹಾಳೆ, ಅಜ್ಜಿಯಿಂದ ಕೇಳಿ ಬರಬೇಕಾದ ಒಂದು ಒಗಟು. ತಿಂಗಳು ಕಳೆದು ಬಂದರೂ ಹಾಜರಿಯಿಂದ ಹೆಸರು ಹೊಡೆಯಬೇಡಿ. ಶಾಲೆ ಬಿಟ್ಟುಹೋದ ಮಗು ವಯಸ್ಸಿಗೆ ತಕ್ಕ ತರಗತಿಗೇ ಸೇರಬಹುದು, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ತಡೆಯುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತು ಅಂತಲೂ ತಡೆಯುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4, 14 ಮತ್ತು 5ನೇ ಕಲಮುಗಳಲ್ಲಿ ಇದೆಲ್ಲ ಇದೆ. ಪೋಷಕರಿಗೆ ಇದನ್ನು ಬಾಯಿಬಿಟ್ಟು ಹೇಳಿ, ಎಷ್ಟೋ ಜನ ಕಾಗದ ಇಲ್ಲ ಅಂತಲೇ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಡಬ್ಬಿಯ ಬಗ್ಗೆ ಎರಡೇ ಮಾತು. ಊಟದ ಹೊತ್ತಿನಲ್ಲಿ ಒಣಮೀನಿನ ವಾಸನೆಗೆ ಮೂಗು ಮುಚ್ಚುವ ಮಗುವನ್ನು ಬೈಯಬೇಡಿ, ಆದರೆ ಮುಚ್ಚಲೂ ಬಿಡಬೇಡಿ. ನೀವೇ ಆ ಡಬ್ಬಿಯ ಮಗುವಿನ ಪಕ್ಕ ಕೂತು ಉಣ್ಣಿರಿ.

ಕೇಳಬಾರದ್ದು

ಅಡ್ಡಹೆಸರು ಕೇಳಿ ಜಾತಿ ಊಹಿಸುವುದು ನಮ್ಮಲ್ಲಿ ಬಹಳ ಜನರಿಗೆ ಉಸಿರಾಟದಷ್ಟು ಸಹಜ. ಹಾಜರಿ ಕರೆಯುವಾಗ ನಿಮ್ಮ ಮನಸ್ಸು ಅದನ್ನು ಮಾಡುತ್ತಿದ್ದರೆ ಒಂದು ತಿಂಗಳು ಬರೀ ಹೆಸರಿನಿಂದ ಕರೆಯಿರಿ. “ನಿಮ್ಮ ಜನ ಹೀಗೇನಾ?” ಅಂತ ಯಾವ ಮಗುವನ್ನೂ ಕೇಳಬೇಡಿ. ಎಂಟು ವರ್ಷದ ಮಗು ಒಂದು ಸಮುದಾಯದ ವಕೀಲನಲ್ಲ. ಪುಸ್ತಕದಲ್ಲಿ ತಾಂಡಾದ ಚಿತ್ರ ಬಂದಾಗ ಎಲ್ಲರೂ ಲಂಬಾಣಿ ಹುಡುಗನ ಕಡೆ ತಿರುಗುತ್ತಾರೆ, ಆ ಹೊತ್ತಿಗೆ ನೀವು ಅವನ ಕಡೆ ನೋಡದೆ ಪಾಠ ಮುಂದುವರಿಸಿ. ಅವನಿಗೆ ಹೇಳಬೇಕು ಅನ್ನಿಸಿದರೆ ಕೈ ಎತ್ತುತ್ತಾನೆ. ಮಾತು, ಬಟ್ಟೆ, ಊಟ ಹಿಡಿದು ಹಂಗಿಸುವುದೂ ಮಾನಸಿಕ ಕಿರುಕುಳವೇ. ಹೊಡೆತದ ಜೊತೆಗೆ ಅದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ.

ಪೋಷಕರ ಜೊತೆ

ಸಭೆಯ ನೋಟಿಸನ್ನು ಕಾಗದದಲ್ಲಿ ಕಳಿಸಿ “ಯಾರೂ ಬರಲಿಲ್ಲ” ಅನ್ನುವುದು ಸುಲಭ. ಓದಲು ಬರದ ತಾಯಿಗೆ ಆ ಕಾಗದ ಏನು ಹೇಳೀತು? ವಾಟ್ಸ್‌ಆಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ, ನಿಮ್ಮದೇ ದನಿಯಲ್ಲಿ, ಅವರ ಕಡೆಯ ಕನ್ನಡದಲ್ಲಿ. ತುಳು ಅಥವಾ ಲಂಬಾಣಿ ಬರುವ ಇನ್ನೊಬ್ಬ ತಾಯಿಯಿಂದ ಅದನ್ನೇ ಹೇಳಿಸಿ ಕಳಿಸಿದರೆ ಇನ್ನೂ ಒಳ್ಳೆಯದು. ಸಭೆ ರಾತ್ರಿ ಏಳೂವರೆಗೆ ಇಡಿ. ನಮ್ಮ ಶಾಲೆಯಲ್ಲಿ ಹಾಗೆ ಇಟ್ಟ ಮೊದಲ ಸಲ ಬೆಂಚುಗಳು ಸಾಲದೆ ನೆಲದ ಮೇಲೆ ಕೂತರು.

ವರ್ಷದ ಕೊನೆಗೆ ಮನೆ ವಹಿಯನ್ನು ಏನು ಮಾಡಬೇಕು ಅಂತ ಹೊಸಬರು ಕೇಳುತ್ತಾರೆ. ಬೇಸಿಗೆ ರಜೆಗೆ ಮುಂಚೆ ಒಂದು ಮಧ್ಯಾಹ್ನ ಮುಂದಿನ ತರಗತಿಯ ಶಿಕ್ಷಕರ ಜೊತೆ ಕೂತು ಪುಟ ಪುಟವಾಗಿ ಓದಿ ಹೇಳಿ. ಯಾವ ಮಗು ಯಾರನ್ನು ಏನಂತ ಕರೆಯುತ್ತದೆ, ಯಾವ ಭಾಷೆಯಲ್ಲಿ ಎಣಿಸುತ್ತದೆ, ಯಾವ ಹುಣ್ಣಿಮೆಗೆ ಊರಿಗೆ ಹೋಗುತ್ತದೆ, ಅವರು ಬರೆದುಕೊಳ್ಳಲಿ. ತಾಯಂದಿರು ನಂಬಿ ಹೇಳಿದ ಮನೆಯ ಕಷ್ಟದ ಮಾತುಗಳಿದ್ದ ಪುಟ ಮಾತ್ರ ಹರಿದು, ನಿಮ್ಮ ಕೈಯಾರೆ ಚೂರು ಮಾಡಿ ಹಾಕಿ. ಆ ಎರಡು ಜಡೆಯ ಹುಡುಗಿಯ ಪುಟದ ಮೇಲ್ಗಡೆ ನಾನು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದೆ: ‘ಅಪ್ಪೆ ಅಂದರೆ ತಾಯಿ. ಅಮ್ಮೆ ಅಂದರೆ ತಂದೆ.’